ಕ್ಷಯರೋಗಾಣುವಿನ ತಳಿಗಳು ಮತ್ತು ಅವುಗಳ ನೆಲೆಗಳು

ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ವಿದ್ವಾಂಸರ ಮುಂದಿಟ್ಟರು. ಈ ರೋಗಾಣು ಲೋಕದಲ್ಲೆಲ್ಲ ಒಂದೇ ಬಗೆಯದೆಂಬ ಭಾವನೆ ಬಹುಕಾಲ ಉಳಿದಿತ್ತು. ಅದನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ನಮಗೆ ಹತ್ತಿರದ ಮದರಾಸಿನದೂ ಒಂದು. 1956ರಲ್ಲಿ ಅಲ್ಲಿ ಕ್ಷಯ ಸಂಶೋಧನಾ ಕೇಂದ್ರ ಆರಂಭವಾಯಿತು. ಮದರಾಸಿನ ರೋಗಿಗಳಿಂದ ಪಡೆದ ರೋಗಾಣುಗಳಲ್ಲಿ ಅನೇಕವು ಗಿನಿಯಿಲಿಗಳಲ್ಲಿ ಬ್ರಿಟನ್ನಿನ ರೋಗಾಣುಗಳಷ್ಟು ತೀವ್ರವಾಗಿ ವರ್ತಿಸಲಿಲ್ಲವೆಂದು ಡೆನಿಸ್ ಮಿಚಿಸನ್ ಮತ್ತು ಸಂಗಡಿಗರು 1960ರ ಸುಮಾರಿಗೆ ತೋರಿಸಿದರು. ಹಾಗೆಂದು ಮದರಾಸಿನ ರೋಗಿಗಳ ಕಾಯಿಲೆಯೇನೂ ಹಗುರವಾಗಿರಲಿಲ್ಲ.

ಕಾರಣ ತಿಳಿದದ್ದು ರೋಗಾಣುವಿನ ಡಿಎನ್‌ಎ ಓದಲು ಸಾಧ್ಯವಾದ ಮೇಲೆ. ಸುಮಾರು 44 ಲಕ್ಷ ಅಕ್ಷರಗಳ ಅದರ ಸಂಪೂರ್ಣ ವಂಶವಾಹಿ ಪಾಠ 1998ರಲ್ಲಿ ಪ್ರಕಟವಾಯಿತು. ಮುಂದೆ ತಳಿಗಳನ್ನು ಹೋಲಿಸಿ ನೋಡಿದಾಗ, ಅವು ಕೆಲವೇ ದೊಡ್ಡ ಶಾಖೆಗಳಾಗಿ ಒಡೆದಿರುವುದೂ ಒಂದೊಂದು ಶಾಖೆಗೂ ತನ್ನದೇ ನೆಲೆಯಿರುವುದೂ ಕಂಡುಬಂದಿತು. ಒಂದನೆಯ ಶಾಖೆ ಹಿಂದೂ ಮಹಾಸಾಗರದ ಸುತ್ತಿನದು: ದಕ್ಷಿಣ ಭಾರತ, ಫಿಲಿಪ್ಪೀನ್ಸ್, ಪೂರ್ವ ಆಫ್ರಿಕಾದ ಕರಾವಳಿ. ಎರಡನೆಯದು ಪೂರ್ವ ಏಷ್ಯಾದ್ದು. ಪ್ರಸಿದ್ಧವಾದ 'ಬೀಜಿಂಗ್' ತಳಿ ಇದರದೇ ಕುಡಿ. ಮೂರನೆಯದು ಉತ್ತರ ಭಾರತ, ಪಾಕಿಸ್ತಾನಗಳಲ್ಲಿ ಹೆಚ್ಚು. ನಾಲ್ಕನೆಯದು ಯುರೋಪಿನ ವಲಸೆಗಾರರೊಡನೆ ಅಮೆರಿಕ ಖಂಡಗಳಿಗೂ ಆಫ್ರಿಕಾಕ್ಕೂ ಹಬ್ಬಿತು. ಐದು ಮತ್ತು ಆರನೆಯವು ಪಶ್ಚಿಮ ಆಫ್ರಿಕಾ ಬಿಟ್ಟು ಹೊರಗೆ ವಿರಳ, ಏಳನೆಯದು ಇಥಿಯೋಪಿಯಾದ್ದು.

ಹಾಗಾಗಿ ನಮ್ಮ ದೇಶದೊಳಗೇ ದಕ್ಷಿಣದ ರೋಗಾಣು ಒಂದು, ಉತ್ತರದ್ದು ಇನ್ನೊಂದು. ದಕ್ಷಿಣದ ಶಾಖೆ ಪ್ರಾಚೀನವಾದುದು. ಉಳಿದ ಅನೇಕ ಶಾಖೆಗಳು ಕಳೆದುಕೊಂಡ ಡಿಎನ್‌ಎ ತುಣುಕೊಂದನ್ನು ಅದು ಇಂದಿಗೂ ಉಳಿಸಿಕೊಂಡಿದೆ. ಎಲ್ಲ ಕಡೆಯ ಜನರೂ ಕಲೆಯುವ ಮುಂಬಯಿಯಲ್ಲಿ ಒಂದರಿಂದ ನಾಲ್ಕರವರೆಗಿನ ಶಾಖೆಗಳೂ ಕಾಣಸಿಗುತ್ತವೆ. ಅಲ್ಲಿ ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಬೀಜಿಂಗ್ ತಳಿಯ ಪಾಲು ಎದ್ದುಕಾಣುತ್ತದೆ. ಈ ಹೆಸರು ತಳಿಯನ್ನು ಮೊದಲು ಗುರುತಿಸಿದ ಪ್ರದೇಶದ್ದೇ ಹೊರತು ಯಾವ ಜನರ ಮೇಲಿನ ಆರೋಪವೂ ಅಲ್ಲ. ನೆರೆಮನೆಯ ರೋಗಿ ಯಾವ ಊರಿನವನೆಂದು ವಿಚಾರಿಸುವವರು ಇದನ್ನು ಗಮನಿಸಬೇಕು.

ಶಾಖೆ ಯಾವುದೇ ಇರಲಿ, ಸಾಮಾನ್ಯ ಕ್ಷಯಕ್ಕೆ ಕೊಡುವ ಆರು ತಿಂಗಳ ಮಾತ್ರೆಗಳು ಅವೇ. ವೈದ್ಯರು ಚಿಕಿತ್ಸೆಗೆ ಮೊದಲು ಕೇಳುವುದು ತಳಿಯ ಹೆಸರನ್ನಲ್ಲ, ರೋಗಾಣು ರಿಫಾಂಪಿಸಿನ್ ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದನ್ನು. ಸರಕಾರಿ ಕೇಂದ್ರಗಳಲ್ಲಿ ಕಫದ ಈ ಪರೀಕ್ಷೆಯೂ ಔಷಧವೂ ಉಚಿತ. ಕೆಮ್ಮು ತಗ್ಗಿತೆಂದು ಎರಡು ತಿಂಗಳಿಗೇ ಮಾತ್ರೆ ನಿಲ್ಲಿಸಿದರೆ ಉಳಿದುಕೊಂಡ ರೋಗಾಣುಗಳು ಮತ್ತೆ ಬೆಳೆಯಬಹುದು, ಔಷಧವನ್ನು ಮೀರುವ ಶಕ್ತಿಯನ್ನೂ ಪಡೆಯಬಹುದು.

ತಳಿಯ ಗುರುತು ಉಪಯೋಗಕ್ಕೆ ಬರುವುದು ಮತ್ತೊಂದು ಕಡೆ. ಈ ರೋಗಾಣುವಿನ ಪಾಠದಲ್ಲಿ ಸರಾಸರಿ ಎರಡು ವರ್ಷಕ್ಕೊಮ್ಮೆ ಒಂದು ಅಕ್ಷರ ಬದಲಾಗುತ್ತದೆ. ಇಬ್ಬರು ರೋಗಿಗಳ ರೋಗಾಣುಗಳಲ್ಲಿ ನಾಲ್ಕಾರು ಅಕ್ಷರಗಳಷ್ಟೇ ವ್ಯತ್ಯಾಸವಿದ್ದರೆ ಸೋಂಕು ಇತ್ತೀಚೆಗೆ ಒಬ್ಬರಿಂದೊಬ್ಬರಿಗೆ ಹರಡಿರಬಹುದು; ನೂರಾರು ಅಕ್ಷರಗಳ ವ್ಯತ್ಯಾಸವಿದ್ದರೆ ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ತಗುಲಿದೆ. ಗುಣವಾದವರಿಗೆ ರೋಗ ಮರುಕಳಿಸಿದಾಗ, ಅದು ಹಳೆಯ ಸೋಂಕೋ ಹೊಸದೋ ಎಂಬುದನ್ನು ನಿರ್ಣಯಿಸುವುದೂ ಇದೇ ಲೆಕ್ಕದಿಂದ.