ಬೆರಳು ಬಗ್ಗಿಸಿದ ಬೂಟು

ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಹಳೆಯ ಸ್ಮಶಾನಗಳಲ್ಲಿ ಸಿಕ್ಕ 177 ಅಸ್ಥಿಪಂಜರಗಳ ಪಾದಗಳನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಒಂದೊಂದಾಗಿ ಪರೀಕ್ಷಿಸಿ, 2021ರಲ್ಲಿ ವರದಿ ಪ್ರಕಟಿಸಿದರು. 11ರಿಂದ 13ನೇ ಶತಮಾನದವರಲ್ಲಿ ಹೆಬ್ಬೆರಳು ಒಳಕ್ಕೆ ವಾಲಿದವರು ಶೇ 6ರಷ್ಟು ಮಾತ್ರ. ಮುಂದಿನ ಎರಡು ಶತಮಾನಗಳಲ್ಲಿ ಅದು ಶೇ 27ಕ್ಕೆ ಏರಿತ್ತು. ಮೂತಿ ಚೂಪಾದ ‘ಪೂಲೇನ್’ ಬೂಟು ಮೆರೆದದ್ದು ಆಗಲೇ.

ಹಳ್ಳಿಯ ಸ್ಮಶಾನದಲ್ಲಿ ಇಂಥ ಪಾದಗಳು ಶೇ 3, ದುಡಿಯುವ ಬಡವರ ಕೇರಿಯಲ್ಲಿ ಶೇ 10. ಸಿರಿವಂತರನ್ನೂ ಸನ್ಯಾಸಿಗಳನ್ನೂ ಹೂಳಿದ್ದ ಆಗಸ್ಟೀನಿಯನ್ ಮಠದ ಆವರಣದಲ್ಲಿ ಶೇ 43! ಚೂಪು ಪಾದರಕ್ಷೆ ಪಾದ್ರಿಗಳಿಗೆ ಸಲ್ಲದೆಂದು ಚರ್ಚು 1215ರಲ್ಲೇ ವಿಧಿಸಿತ್ತು. ಮೂಳೆಗಳು ಬೇರೆಯೇ ಕಥೆ ಹೇಳುತ್ತಿವೆ. 1463ರಲ್ಲಿ ನಾಲ್ಕನೇ ಎಡ್ವರ್ಡ್ ದೊರೆಯ ಕಾಲದ ಶಾಸನ, ಪ್ರಭುಗಳಿಗಿಂತ ಕೆಳಗಿನವರ ಬೂಟಿನ ಮೂತಿ ಎರಡು ಅಂಗುಲ ಮೀರಬಾರದೆಂದಿತು. ದೊರೆಗಿದ್ದ ಚಿಂತೆ ಅಂತಸ್ತಿನದು, ಬೆರಳಿನದಲ್ಲ.

ವಾಲಿದ ಹೆಬ್ಬೆರಳು ಪಕ್ಕದ ಬೆರಳನ್ನು ಒತ್ತಿ ಮೇಲಕ್ಕೆಬ್ಬಿಸುತ್ತದೆ. ಚಾಚಲು ಜಾಗವಿಲ್ಲದ ಆ ಬೆರಳು ನಡುಗೆಣ್ಣಿನಲ್ಲಿ ಮಡಚಿಕೊಳ್ಳುತ್ತದೆ. ಇದೇ ಹ್ಯಾಮರ್ ಟೋ. ಎದ್ದ ಗೆಣ್ಣು ಬೂಟಿಗೆ ಉಜ್ಜಿ ಉಜ್ಜಿ ಆಣಿಯಾಗುತ್ತದೆ. ಮೊದಮೊದಲು ಕೈಯಿಂದ ಎಳೆದರೆ ನೇರವಾಗುವ ಬೆರಳು ವರ್ಷಗಳು ಕಳೆದಂತೆ ಸೆಟೆದುಕೊಳ್ಳುತ್ತದೆ. ಎರಡನೇ ಬೆರಳು ಹುಟ್ಟಿನಿಂದ ಉದ್ದವಿದ್ದರೆ, ನರಗಳು ಬಲ ಕಳೆದುಕೊಂಡರೆ ಬೂಟಿನ ಹಂಗಿಲ್ಲದೆಯೂ ಹೀಗಾಗುವುದುಂಟು. ಆದರೂ ಇಕ್ಕಟ್ಟಾದ ಬೂಟಿನ ಪಾಲು ದೊಡ್ಡದು.

ಈ ಮಾತನ್ನು ವೈದ್ಯರು ಹೇಳದೆ ಬಿಟ್ಟಿರಲಿಲ್ಲ. ಡಚ್ ಅಂಗರಚನಾ ಶಾಸ್ತ್ರಜ್ಞ ಪೆಟ್ರುಸ್ ಕಾಂಪರ್ 1781ರಲ್ಲಿ ಬೂಟಿನ ಸರಿಯಾದ ಆಕಾರದ ಬಗ್ಗೆಯೇ ಒಂದು ಪ್ರಬಂಧ ಬರೆದ. ಆಗ ಯುರೋಪಿನಲ್ಲಿ ಎಡಗಾಲಿಗೂ ಬಲಗಾಲಿಗೂ ಒಂದೇ ಅಚ್ಚಿನಲ್ಲಿ ಬೂಟು ಹೊಲಿಯುವುದು ವಾಡಿಕೆ. 1858ರಲ್ಲಿ ಜ್ಯೂರಿಕ್‌ನ ಹೆರ್ಮನ್ ಫಾನ್ ಮೇಯರ್ ಇನ್ನೂ ಖಚಿತವಾಗಿ ಹೇಳಿದ: ಹೆಬ್ಬೆರಳಿನ ನಡುವಿನಿಂದ ಎಳೆದ ಗೆರೆ ಹಿಮ್ಮಡಿಯ ನಡುವಿಗೆ ಬರಬೇಕು, ಅಟ್ಟೆಯನ್ನು ಆ ಗೆರೆ ನೋಡಿಯೇ ಕತ್ತರಿಸಬೇಕು. ಇಷ್ಟು ಸರಳವಾದ ಗೆರೆಯನ್ನು ಫ್ಯಾಷನ್ ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಂಡದ್ದು ಸೈನ್ಯ. ಕಾಲುನೋವಿನ ಸಿಪಾಯಿ ಮೆರವಣಿಗೆಗೂ ಆಗುವುದಿಲ್ಲ, ಯುದ್ಧಕ್ಕೂ ಆಗುವುದಿಲ್ಲವಲ್ಲ! ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ 1912ರಲ್ಲಿ ಪುಸ್ತಕ ಪ್ರಕಟಿಸಿದ. ಬೆರಳಿಗೆ ಎಡೆ ಬಿಟ್ಟ ಅವನ ಅಚ್ಚನ್ನು ಅಲ್ಲಿನ ಸೈನ್ಯ ಒಪ್ಪಿಕೊಂಡಿತು.

ಚಿಕಿತ್ಸೆಯ ಚರಿತ್ರೆ ನೋವಿನದು. 19ನೇ ಶತಮಾನದಲ್ಲಿ ಕಾಟ ಕೊಡುವ ಬೆರಳನ್ನೇ ಕತ್ತರಿಸಿ ಹಾಕುತ್ತಿದ್ದರು. ಆಮೇಲೆ ಗೆಣ್ಣಿನ ಮೂಳೆಯನ್ನಷ್ಟೇ ತೆಗೆದು ಬೆರಳು ಉಳಿಸುವ ಕ್ರಮ ಬಂತು. ಬೆರಳನ್ನು ಕೆಳಕ್ಕೆಳೆಯುವ ಸ್ನಾಯುರಜ್ಜುವನ್ನು ಮೇಲಕ್ಕೆ ತಂದು ಕೂಡಿಸುವ ಶಸ್ತ್ರಕ್ರಿಯೆಗೆ ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ ಹೆಸರು ಅಂಟಿಕೊಂಡಿದೆ. ಆದರೆ ಬೆರಳು ಇನ್ನೂ ಬಾಗುವಂತಿದ್ದರೆ ಮೂತಿ ಅಗಲವಾದ ಪಾದರಕ್ಷೆ, ಮೆತ್ತೆ, ಪಟ್ಟಿ, ಬೆರಳಿನ ವ್ಯಾಯಾಮ, ಇವೇ ಇಂದಿಗೂ ಮೊದಲ ಮದ್ದು. ಸಕ್ಕರೆ ಕಾಯಿಲೆಯವರಂತೂ ಆಣಿಯನ್ನು ಬ್ಲೇಡಿನಿಂದ ಹೆರೆಯಲೇಬಾರದು.

ಪಾದದ ಮೇಲೆ ಬೂಟು ನಡೆಸುವ ಕಾರುಬಾರಿಗೆ ನಮ್ಮ ಕರಾವಳಿಯೂ ಸಾಕ್ಷಿ ನುಡಿದಿದೆ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು 2,300 ಮಕ್ಕಳ ಪಾದ ನೋಡಿ 1992ರಲ್ಲಿ ವರದಿ ಮಾಡಿದರು. ಅವರು ಹುಡುಕಿದ್ದು ಚಪ್ಪಟೆ ಪಾದವನ್ನು: ಪಾದರಕ್ಷೆ ಮೆಟ್ಟುವವರಲ್ಲಿ ಶೇ 8.6, ಬರಿಗಾಲಿನವರಲ್ಲಿ ಶೇ 2.8. ಮುಚ್ಚಿದ ಬೂಟಿನ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು. ಅಷ್ಟಾದರೂ ಎಷ್ಟೋ ಶಾಲೆಗಳಲ್ಲಿ ಮುಚ್ಚಿದ ಕಪ್ಪು ಬೂಟು ಕಡ್ಡಾಯವಾಗಿಯೇ ಉಳಿದಿದೆ. ಹೋದ ವರ್ಷದ್ದು ಬಿಗಿಯಾದರೂ ಪರೀಕ್ಷೆ ಮುಗಿಯುವವರೆಗೆ ಮಕ್ಕಳು ಅದನ್ನೇ ಮೆಟ್ಟಿ ಹೋಗುತ್ತಾರೆ.