ಭಾರತೀಯ ಕರಾರು ಕಾಯಿದೆಯ ಇತಿಹಾಸ

ಭಾರತದಲ್ಲಿ ಕೊಡು-ಕೊಳ್ಳುವ ಮಾತು ಯಾವಾಗ ಕಾನೂನಿನ ಬಲ ಪಡೆಯುತ್ತದೆ, ಮಾತಿಗೆ ತಪ್ಪಿದವನು ಏನು ತೆರಬೇಕು ಎಂಬುದನ್ನು ಹೇಳುವ ಮೂಲ ಶಾಸನ 1872ರ 9ನೆಯ ಕಾಯಿದೆ. ಆ ವರ್ಷ ಏಪ್ರಿಲ್ 25ರಂದು ಅಂಗೀಕಾರವಾಗಿ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ವ್ಯವಹಾರ ಕಾನೂನನ್ನು ಸಾಮಾನ್ಯವಾಗಿ ಇದರಿಂದಲೇ ಓದತೊಡಗುತ್ತಾರೆ.

ಕರಾರಿನ ವಿಚಾರ ಅದಕ್ಕೂ ಬಹಳ ಹಿಂದಿನದು. ಕತ್ತಲಲ್ಲಿ, ಕಾಡಿನಲ್ಲಿ, ಗುಟ್ಟಾಗಿ ಅಥವಾ ಮೋಸದಿಂದ ಕುದುರಿಸಿದ ವ್ಯವಹಾರ ನಿಲ್ಲದು ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳಿತ್ತು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಸಾಲದ ಪ್ರಕರಣಕ್ಕೆ ವಿಸ್ತಾರವಾದ ಜಾಗವಿದೆ. ಆ ಸ್ಮೃತಿಯ ಪ್ರಕಾರ ಅಡವು ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ ಬಡ್ಡಿ. ಕಾಡುದಾರಿಯ ವ್ಯಾಪಾರಿಗೆ ನೂರಕ್ಕೆ ಹತ್ತು, ಕಡಲು ದಾಟುವವನಿಗೆ ಇಪ್ಪತ್ತು. ಅಪಾಯಕ್ಕೆ ತಕ್ಕ ಬಡ್ಡಿ ಎಂಬ ಲೆಕ್ಕಾಚಾರ ಇಲ್ಲಿ ಸ್ಪಷ್ಟವಾಗಿದೆ. ಆದರೆ ಅಡವಿಲ್ಲದ ಸಾಲಕ್ಕೆ ವರ್ಣ ನೋಡಿ ಬಡ್ಡಿ ಏರಿಸುವ ನಿಯಮವೂ ಅಲ್ಲೇ ಇದೆ ಎಂಬುದನ್ನು ಮರೆಯಬಾರದು. ಸಾಲ ಕೊಟ್ಟವನು ಒಂದು ಸಲಕ್ಕೆ ಅಸಲನ್ನು ಮೀರಿದ ಬಡ್ಡಿ ವಸೂಲು ಮಾಡುವಂತಿಲ್ಲ ಎಂಬ ದಾಮದುಪ್ಪಟ್ ನಿಯಮ ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ಒಳಗೊಂಡ ಮುಂಬಯಿ ಪ್ರಾಂತದಲ್ಲಿ ಬ್ರಿಟಿಷರ ಕಾಲದಲ್ಲೂ ಉಳಿದುಕೊಂಡಿತು.

ಕಂಪನಿ ಸರಕಾರದ ಕಾಲದಲ್ಲಿ ತೊಡಕು ಹೆಚ್ಚಿತು. 1781ರ ಶಾಸನದಂತೆ ಕಲ್ಕತ್ತೆಯ ಸುಪ್ರೀಂ ಕೋರ್ಟ್ ಹಿಂದೂಗಳ ಕರಾರನ್ನು ಹಿಂದೂ ಕಾನೂನಿನಿಂದಲೂ ಮುಸಲ್ಮಾನರದನ್ನು ಮುಸ್ಲಿಂ ಕಾನೂನಿನಿಂದಲೂ ತೀರ್ಮಾನಿಸಬೇಕಿತ್ತು. ಇಬ್ಬರೂ ಬೇರೆಬೇರೆ ಮತದವರಾದರೆ ಪ್ರತಿವಾದಿಯ ಕಾನೂನು. ಯಾರು ಯಾರ ಮೇಲೆ ದಾವೆ ಹೂಡಿದರು ಎಂಬುದರ ಮೇಲೆ ಒಂದೇ ಲೇವಾದೇವಿಯ ಫಲ ಬದಲಾಗುತ್ತಿತ್ತು. ಪ್ರೆಸಿಡೆನ್ಸಿ ನಗರಗಳ ಆಚೆಗೆ ನ್ಯಾಯಾಧೀಶರು ಬಹುಮಟ್ಟಿಗೆ ‘ನ್ಯಾಯ, ಸಮದೃಷ್ಟಿ, ಸದಸದ್ವಿವೇಕ’ ಎಂಬ ಸೂತ್ರವನ್ನೇ ನೆಚ್ಚಿದ್ದರು.

1861ರಲ್ಲಿ ಲಂಡನ್ನಿನಲ್ಲಿ ಲಾರ್ಡ್ ರೊಮಿಲಿ ಅಧ್ಯಕ್ಷತೆಯಲ್ಲಿ ನೇಮಕವಾದ ಮೂರನೆಯ ಕಾನೂನು ಆಯೋಗ 1866ರಲ್ಲಿ ಕರಾರು ಕಾನೂನಿನ ಕರಡು ಒಪ್ಪಿಸಿತು. ಅದು ಭಾರತ ಸರಕಾರದ ಕೈಯಲ್ಲಿ ವರ್ಷಗಟ್ಟಲೆ ನಿಂತಿತು. ಬೇಸತ್ತ ಆಯೋಗದ ಸದಸ್ಯರು 1870ರಲ್ಲಿ ರಾಜೀನಾಮೆ ಕೊಟ್ಟರು. ಹೆನ್ರಿ ಮೇನ್ ನಂತರ ವೈಸರಾಯ್ ಮಂಡಳಿಯ ಕಾನೂನು ಸದಸ್ಯನಾಗಿ ಬಂದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಅದನ್ನು ತಿದ್ದಿ ಬರೆದು ಶಾಸನವಾಗಿಸಿದ. ಇಂಗ್ಲಿಷ್ ಕಾನೂನೇ ಇದರ ಹಂದರ. ಆದರೆ ಕೆಲವು ವಿಧಿಗಳು ಡೇವಿಡ್ ಡಡ್ಲಿ ಫೀಲ್ಡ್ ನ್ಯೂಯಾರ್ಕ್ ರಾಜ್ಯಕ್ಕೆಂದು ಸಿದ್ಧಪಡಿಸಿದ ಸಂಹಿತೆಯಿಂದ ಬಂದವು. ನ್ಯೂಯಾರ್ಕ್ ಆ ನಾಗರಿಕ ಸಂಹಿತೆಯನ್ನು ಒಪ್ಪಲೇ ಇಲ್ಲ. ಅದರ ನಿಯಮ ಮಾತ್ರ 27ನೆಯ ವಿಧಿಯಾಗಿ ಭಾರತದಲ್ಲಿ ಇಂದಿಗೂ ನಡೆಯುತ್ತಿದೆ. ಈ ವಿಧಿ ಕಸುಬಿಗೆ ಅಡ್ಡಿ ತರುವ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ, ಅಡ್ಡಿ ನ್ಯಾಯಸಮ್ಮತವೇ ಎಂದು ಇಂಗ್ಲೆಂಡಿನಂತೆ ಅಳೆಯಲು ಹೋಗುವುದಿಲ್ಲ. ಕಲ್ಕತ್ತಾ ಹೈಕೋರ್ಟ್ 1874ರಲ್ಲೇ, ಮಾಧಬ್ ಚಂದರ್ ಮೊಕದ್ದಮೆಯಲ್ಲಿ, ಭಾಗಶಃ ಅಡ್ಡಿಗೂ ಇದನ್ನು ಅನ್ವಯಿಸಿತು.

ಕಾಯಿದೆಯ ದೊಡ್ಡ ಗುಣ ಅದರ ಮಿತಮಾತು, ಮತ್ತು ವಿಧಿಗಳ ಕೆಳಗೆ ಕೊಟ್ಟಿರುವ ಉದಾಹರಣೆಗಳು. ಮತ ಯಾವುದೇ ಇರಲಿ, ಎಲ್ಲರಿಗೂ ಒಂದೇ ನಿಯಮ ಎಂದದ್ದು ಅದಕ್ಕಿಂತ ಹಿರಿದು. ಅದರ ಕೊರತೆ, ಕರಾರು ಮಾಡುವ ಇಬ್ಬರೂ ಸರಿಸಮಾನರೆಂಬ ನಂಬಿಕೆ. ಮುಂದಿನ ಚರಿತ್ರೆಯ ಬಹುಪಾಲು ಈ ನಂಬಿಕೆಯೊಡನೆ ನಡೆದ ಗುದ್ದಾಟವೇ. 1899ರಲ್ಲಿ ಅನುಚಿತ ಪ್ರಭಾವದ 16ನೆಯ ವಿಧಿಯನ್ನು ತಿದ್ದಿ ಹೊಸದಾಗಿ ಬರೆದರು: ಕರಾರು ಮಾಡಿಕೊಂಡ ಒಬ್ಬನು ಇನ್ನೊಬ್ಬನ ಇಚ್ಛೆಯನ್ನು ಆಳುವ ಸ್ಥಾನದಲ್ಲಿದ್ದು, ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯವೆನಿಸಿದರೆ, ತಾನು ಪ್ರಭಾವ ಬೀರಿಲ್ಲವೆಂದು ರುಜುವಾತು ಮಾಡುವ ಹೊಣೆ ಅವನದೇ.

ಅಪ್ರಾಪ್ತ ವಯಸ್ಕರ ವಿಷಯದಲ್ಲಿ ಕಾಯಿದೆ ಅರ್ಧ ಹೇಳಿ ಸುಮ್ಮನಾಗಿತ್ತು. ಅವರಿಗೆ ಕರಾರಿನ ಅರ್ಹತೆಯಿಲ್ಲ ಎಂದಿತೇ ಹೊರತು ಮಾಡಿಕೊಂಡರೆ ಏನಾಗುತ್ತದೆ ಎನ್ನಲಿಲ್ಲ. 1895ರಲ್ಲಿ ಕಲ್ಕತ್ತೆಯ ಧರ್ಮದಾಸ್ ಘೋಷ್ ಎಂಬ ಅಪ್ರಾಪ್ತ ಯುವಕ ತನ್ನ ಆಸ್ತಿಯನ್ನು 20,000 ರೂಪಾಯಿಗೆ, ಶೇ. 12 ಬಡ್ಡಿಗೆ, ಸಾಹುಕಾರನೊಬ್ಬನಲ್ಲಿ ಅಡವಿಟ್ಟ. ಸಾಲ ಕೊಡುತ್ತಿದ್ದ ಸಾಹುಕಾರನ ಪ್ರತಿನಿಧಿಗೆ ಹುಡುಗನ ವಯಸ್ಸು ಮೊದಲೇ ತಿಳಿದಿತ್ತು. ತಾಯಿ ಮಗನ ಪರವಾಗಿ ದಾವೆ ಹೂಡಿದಳು. 1903ರಲ್ಲಿ, ಆಗಿನ ಅಂತಿಮ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್, ಅಂಥ ಒಪ್ಪಂದ ಮೊದಲಿನಿಂದಲೂ ಶೂನ್ಯ, ಕೊಟ್ಟ ಹಣವನ್ನೂ ಮರಳಿ ಕೇಳುವಂತಿಲ್ಲ ಎಂದಿತು. ಸಾಹುಕಾರ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಕಡೆಯಿಂದ ಮೇಲ್ಮನವಿ ನಡೆಸಿದ ಮೋಹರಿ ಬೀಬಿಯ ಹೆಸರೇ ಪ್ರಕರಣಕ್ಕೆ ನಿಂತಿತು.

ಮೊದಲು 266 ವಿಧಿಗಳಿದ್ದ ಕಾಯಿದೆ ಕ್ರಮೇಣ ಕಿರಿದಾಯಿತು. ಸರಕು ಮಾರಾಟದ ಭಾಗ 1930ರಲ್ಲೂ ಪಾಲುದಾರಿಕೆಯ ಭಾಗ 1932ರಲ್ಲೂ ಪ್ರತ್ಯೇಕ ಕಾಯಿದೆಗಳಾದವು. ಚೆಕ್ಕು, ಪ್ರಾಮಿಸರಿ ನೋಟುಗಳಿಗೆ 1881ರಲ್ಲೇ ಬೇರೆ ಶಾಸನ ಬಂದಿತ್ತು. ಅದು ಹುಂಡಿಯ ಸ್ಥಳೀಯ ರೂಢಿಗಳನ್ನು ಹಾಗೇ ಉಳಿಸಿತು. ಸ್ವಾತಂತ್ರ್ಯಾನಂತರ ‘ಬಿ’ ವರ್ಗದ ರಾಜ್ಯಗಳಾಗಿದ್ದ ಮೈಸೂರು ಮತ್ತು ಹೈದರಾಬಾದುಗಳಿಗೆ ಕೇಂದ್ರದ ಈ ಕಾಯಿದೆ 1951ರಲ್ಲಿ ವಿಸ್ತರಿಸಿತು.

ಸುಪ್ರೀಂ ಕೋರ್ಟ್ 1953ರ ಸತ್ಯವ್ರತ ಘೋಷ್ ತೀರ್ಪಿನಲ್ಲಿ, 56ನೆಯ ವಿಧಿಯ ‘ಅಸಾಧ್ಯ’ಕ್ಕೆ ಭೌತಿಕವಾಗಿ ಆಗದ್ದು ಎಂದಷ್ಟೇ ಅರ್ಥವಲ್ಲ, ಕರಾರಿನ ಬುಡವೇ ಕುಸಿದರೂ ಸಾಕು ಎಂದು ವಿವರಿಸಿತು. 1965ರಲ್ಲಿ ಇನ್ನೊಂದು ಪ್ರಶ್ನೆ ಬಂತು. ಅಹಮದಾಬಾದಿನಿಂದ ಖಾಮಗಾಂವಿಗೆ ಫೋನಿನಲ್ಲಿ ಹತ್ತಿಬೀಜದ ಹಿಂಡಿಯ ವ್ಯಾಪಾರ ಕುದುರಿದರೆ ಕರಾರು ಆದದ್ದು ಯಾವ ಊರಲ್ಲಿ? ಒಪ್ಪಿಗೆ ಕಿವಿಗೆ ಬಿದ್ದ ಅಹಮದಾಬಾದಿನಲ್ಲಿ, ಎಂದಿತು ಬಹುಮತ. ನ್ಯಾಯಮೂರ್ತಿ ಹಿದಾಯತುಲ್ಲಾ ಇದನ್ನು ಒಪ್ಪದೆ, ಕಾಯಿದೆಯ 4ನೆಯ ವಿಧಿಯ ಮಾತು ಫೋನಿಗೂ ಅನ್ವಯಿಸುತ್ತದೆಂದು ಭಿನ್ನಮತ ಬರೆದರು. ಕಾಯಿದೆ ಬರೆದಾಗ ದೂರವಾಣಿ ಇನ್ನೂ ಹುಟ್ಟಿರಲಿಲ್ಲ. ವಿದ್ಯುನ್ಮಾನ ಕರಾರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ವಿಧಿ 2009ರಿಂದ ಆಸರೆಯಾಗಿದೆ.

ಬಲಿಷ್ಠರು ಮೊದಲೇ ಅಚ್ಚುಹಾಕಿಸಿಟ್ಟ, ಬಡವ ಸಹಿ ಮಾಡದೆ ಗತಿಯಿಲ್ಲದ ಕರಾರುಗಳ ಅನ್ಯಾಯದ ಷರತ್ತುಗಳನ್ನು ತಡೆಯಲು ಹೊಸ ವಿಧಿ ಸೇರಿಸಿ ಎಂದು ಕಾನೂನು ಆಯೋಗ 1984ರ ತನ್ನ 103ನೆಯ ವರದಿಯಲ್ಲಿ ಸೂಚಿಸಿತು. ಎರಡು ವರ್ಷಗಳ ಬಳಿಕ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೌಕರನನ್ನು ಕಾರಣ ಕೊಡದೆ ಮನೆಗೆ ಕಳಿಸುವ ಇಂಥದೇ ಷರತ್ತನ್ನು 23ನೆಯ ವಿಧಿಯ ಬಲದಿಂದ ಹೊಡೆದುಹಾಕಿತು. ಗ್ರಾಹಕರಿಗೆ ಈ ರಕ್ಷಣೆ ಶಾಸನವಾಗಿ ಸಿಕ್ಕಿದ್ದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ. ಆಯೋಗ ಸೂಚಿಸಿದ ವಿಧಿ ಮಾತ್ರ 1872ರ ಕಾಯಿದೆಯೊಳಗೆ ಬಂದಿಲ್ಲ.