ಕೇಳಿಸಿದ ದನಿ, ತಿಳಿಯದ ನುಡಿ: 1945ರ ಆಗಸ್ಟ್ 15ರ ಬಾನುಲಿ ಭಾಷಣ ಮತ್ತು ಜನಸ್ಮೃತಿ

ಜಪಾನಿನ ಮಟ್ಟಿಗೆ ಎರಡನೆಯ ಮಹಾಯುದ್ಧ ಮುಗಿದ ದಿನ ಯಾವುದು ಎಂಬ ಪ್ರಶ್ನೆಗೆ ದಾಖಲೆಗಳು ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಡುತ್ತವೆ. ಪಾಟ್ಸ್‌ಡ್ಯಾಮ್ ಘೋಷಣೆಯನ್ನು ಒಪ್ಪಿಕೊಂಡ ಸಮ್ರಾಟನ ರಾಜಾಜ್ಞೆಗೆ ಸಹಿ ಬಿದ್ದುದು 1945ರ ಆಗಸ್ಟ್ 14ರಂದು. ಶರಣಾಗತಿಯ ಪತ್ರಕ್ಕೆ ಟೋಕಿಯೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಮಿಸೌರಿ ಯುದ್ಧನೌಕೆಯ ಮೇಲೆ ಸಹಿಯಾದುದು ಸೆಪ್ಟೆಂಬರ್ 2ರಂದು. ಆದರೆ ಜಪಾನಿನ ಜನರನ್ನು ಕೇಳಿದರೆ ಬರುವ ಉತ್ತರ ಒಂದೇ: ಆಗಸ್ಟ್ 15ರ ನಡುಹಗಲು. ಆ ಹೊತ್ತಿನಲ್ಲಿ ಸಹಿ, ಒಪ್ಪಂದಗಳು ಯಾವುವೂ ನಡೆಯಲಿಲ್ಲ. ನಡೆದುದು ಒಂದು ದನಿಯ ಪ್ರಸಾರ ಮಾತ್ರ. ಲಿಖಿತ ದಾಖಲೆಯನ್ನು ಹಿಂದಿಕ್ಕಿ ದನಿಯೊಂದು ಚರಿತ್ರೆಯ ತಾರೀಖನ್ನು ನಿರ್ಣಯಿಸಿದ ಈ ಸಂಗತಿಯನ್ನು ರಾಜಕೀಯ ಚರಿತ್ರೆಕಾರರು ಸಾಕಷ್ಟು ಚರ್ಚಿಸಿದ್ದಾರೆ. ಮೌಖಿಕ ಪರಂಪರೆಯ ಅಧ್ಯಯನದ ದೃಷ್ಟಿಯಿಂದಲೂ ಇದು ಮಹತ್ವದ ಆಕರವಾಗಿದೆ.

ಭಾಷಣದ ಹಿನ್ನೆಲೆ ಪರಿಚಿತವಾದುದೇ. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ ಅಣುಬಾಂಬಿಗೆ ತುತ್ತಾದವು. 9ರಂದೇ ಸೋವಿಯತ್ ಸೇನೆ ಮಂಚೂರಿಯಾದೊಳಗೆ ನುಗ್ಗಿತು. ಯುದ್ಧವನ್ನು ನಿರ್ದೇಶಿಸುತ್ತಿದ್ದ ಸಮಿತಿಯಲ್ಲಿ ಒಮ್ಮತ ಮೂಡದಿದ್ದಾಗ ಪ್ರಧಾನಿ ಸುಜುಕಿ ಕಾಂತಾರೊ ನಿರ್ಧಾರವನ್ನು ಸಮ್ರಾಟ ಹಿರೋಹಿಟೊನಿಗೇ ಒಪ್ಪಿಸಿದನು. 14ರ ರಾತ್ರಿ ಅರಮನೆಯ ಆವರಣದಲ್ಲಿ ರಾಜಾಜ್ಞೆಯ ವಾಚನವನ್ನು ಎರಡು ಬಾರಿ ಮುದ್ರಿಸಿಕೊಳ್ಳಲಾಯಿತು. ಅದೇ ರಾತ್ರಿ ಮೇಜರ್ ಹತನಕ ಕೆಂಜಿ ಮತ್ತು ಅವನ ಜೊತೆಯ ಸೇನಾಧಿಕಾರಿಗಳು ದಂಗೆಯೆದ್ದು, ಅರಮನೆಯ ಕಾವಲು ಪಡೆಯ ಮುಖ್ಯಸ್ಥ ಮೋರಿ ತಕೇಶಿಯನ್ನು ಕೊಂದು, ಆ ಧ್ವನಿಮುದ್ರಿಕೆಗಾಗಿ ಕೋಣೆಕೋಣೆಗಳನ್ನೂ ಜಾಲಾಡಿದರು. ಅರಮನೆಯ ಊಳಿಗದ ಅಧಿಕಾರಿ ತೊಕುಗವ ಯೋಶಿಹಿರೊ ಅದನ್ನು ಬಚ್ಚಿಟ್ಟಿದ್ದನು. ಬೆಳಗಾಗುವಷ್ಟರಲ್ಲಿ ದಂಗೆ ಅಡಗಿತು, ಹತನಕ ಗುಂಡು ಹಾರಿಸಿಕೊಂಡು ಸತ್ತನು. ಸಹಿಯಾಗಿದ್ದ ರಾಜಾಜ್ಞೆಯ ಪ್ರತಿಗಿಂತ ಈ ತಟ್ಟೆಗಳಿಗಾಗಿಯೇ ದಂಗೆಕೋರರು ಇಷ್ಟೊಂದು ಹುಡುಕಾಡಿದರೆಂಬುದನ್ನು ಗಮನಿಸಬೇಕು. ದನಿ ಹೊರಬಿದ್ದರೆ ಮುಗಿಯಿತು ಎಂಬುದು ಅವರಿಗೂ ಗೊತ್ತಿತ್ತು.

ಈಗ ಪಠ್ಯದ ಭಾಷೆಯನ್ನು ನೋಡಬಹುದು. ಸಂಪುಟದ ಮುಖ್ಯ ಕಾರ್ಯದರ್ಶಿ ಸಕೊಮಿಜು ಹಿಸಾತ್ಸುನೆ ಸಿದ್ಧಪಡಿಸಿದ ಕರಡನ್ನು ಚೀನೀ ಅಭಿಜಾತ ಸಾಹಿತ್ಯದ ವಿದ್ವಾಂಸರು ತಿದ್ದಿದರು. ಅವರಲ್ಲೊಬ್ಬನಾದ ಯಸುವೋಕ ಮಸಾಹಿರೊ, ಬರಲಿರುವ ಎಲ್ಲ ತಲೆಮಾರುಗಳಿಗೂ ಶಾಂತಿಯ ದಾರಿಯನ್ನು ತೆರೆಯುವ ಆಶಯದ ಮಾತನ್ನು ಸೋಂಗ್ ಕಾಲದ ದಾರ್ಶನಿಕ ಜಾಂಗ್ ಜಾಯ್‌ನಿಂದ ತಂದು ಸೇರಿಸಿದನು. ಸಮ್ರಾಟನು ತನ್ನನ್ನು ಸೂಚಿಸಿಕೊಳ್ಳಲು ಬಳಸಿದ ‘ಚಿನ್’ ಎಂಬ ಉತ್ತಮಪುರುಷ ಪದವನ್ನು ಬೇರಾರೂ ಬಳಸುವಂತಿರಲಿಲ್ಲ. ಹಳೆಗನ್ನಡ ಶಾಸನದ ಗದ್ಯದಲ್ಲಿ ಯಾರಾದರೂ ಇಂದು ಆಕಾಶವಾಣಿಯ ವಾರ್ತೆಯನ್ನು ಓದಿದರೆ ಸಂತೆಗೆ ಹೊರಟ ರೈತನಿಗೆ ಎಷ್ಟು ತಿಳಿದೀತೋ ಜಪಾನಿನ ಹಳ್ಳಿಗನಿಗೆ ಇದು ಸುಮಾರಾಗಿ ಅಷ್ಟೇ ತಿಳಿಯುವಂತಿತ್ತು.

ಭಾಷೆ ಕಠಿಣವಾಗಿತ್ತು ಎಂದಷ್ಟೇ ಹೇಳಿ ಮುಂದೆ ಸಾಗುವಂತಿಲ್ಲ, ಅದು ಜಾಣತನದಿಂದಲೂ ಕೂಡಿತ್ತು. ಸುಮಾರು ನಾಲ್ಕೂವರೆ ನಿಮಿಷಗಳ ಆ ಭಾಷಣದಲ್ಲಿ ಸೋಲು ಎಂಬ ಪದವಿಲ್ಲ, ಶರಣಾಗತಿ ಎಂಬ ಪದವೂ ಇಲ್ಲ. ಅಮೆರಿಕ, ಬ್ರಿಟನ್, ಚೀನಾ, ಸೋವಿಯತ್ ಒಕ್ಕೂಟಗಳ ಜಂಟಿ ಘೋಷಣೆಯನ್ನು ಒಪ್ಪಿರುವುದಾಗಿ ಅವರಿಗೆ ತಿಳಿಸಲಾಗಿದೆ ಎಂಬುದಷ್ಟೇ ಅದರ ತಿರುಳು. ಆ ಘೋಷಣೆಯಲ್ಲಿ ಏನಿದೆ ಎಂಬುದನ್ನು ಸಮ್ರಾಟನು ಹೇಳಲಿಲ್ಲ. ಯುದ್ಧದ ಸ್ಥಿತಿ ದಿನದಿಂದ ದಿನಕ್ಕೆ ಹದಗೆಡುತ್ತಿದೆ ಎಂದಿದ್ದ ಕರಡಿನ ಮಾತಿಗೆ ಯುದ್ಧಮಂತ್ರಿ ಅನಾಮಿ ಕೊರೆಚಿಕ ಆಕ್ಷೇಪಿಸಿದ್ದರಿಂದ, ಸ್ಥಿತಿಯು ಜಪಾನಿಗೆ ಅನುಕೂಲಕರವಾಗಿ ಬೆಳೆಯಿತೆನ್ನಲಾಗದು ಎಂಬರ್ಥದ ನುಣುಪಾದ ಮಾತು ಅಲ್ಲಿ ಬಂದಿತು. ಅನಾಮಿ 15ರ ಮುಂಜಾವಿನಲ್ಲಿ ಹೊಟ್ಟೆ ಸೀಳಿಕೊಂಡು ಸತ್ತನು. ಶತ್ರುವಿನ ಹೊಸ ಕ್ರೂರ ಬಾಂಬಿನ ಉಲ್ಲೇಖ ಭಾಷಣದಲ್ಲಿದೆ. ತನ್ನ ಸೇನೆ ಚೀನಾದಲ್ಲಿ, ಕೊರಿಯಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಮಾಡಿದ್ದರ ಬಗೆಗೆ ಒಂದು ಮಾತೂ ಇಲ್ಲ. ಪ್ರಭುತ್ವವು ಯುದ್ಧವನ್ನು ನಿಲ್ಲಿಸುವಾಗಲೂ ತನ್ನ ಕಥನವನ್ನು ಬಿಟ್ಟುಕೊಡಲಿಲ್ಲ. ಮುಂದೆ ರೂಢಿಗೆ ಬಂದ ‘ಶೂಸೆನ್’ ಎಂಬ ಪದಕ್ಕೆ ಯುದ್ಧ ಮುಗಿಯಿತು ಎಂದರ್ಥ. ಸೋತೆವು ಎನ್ನುವ ‘ಹೈಸೆನ್’ ಎಂಬ ಇನ್ನೊಂದು ಪದವಿದ್ದರೂ ಸರಕಾರಿ ಭಾಷೆಯಲ್ಲಿ ನೆಲೆಯೂರಿದುದು ಮೊದಲನೆಯದೇ.

ಕೇಳುಗರ ಕಡೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಹನ್ನೆರಡು ಗಂಟೆಗೆ ಮಹತ್ವದ ಪ್ರಸಾರವಿದೆ ಎಂದು ಮೊದಲೇ ಸಾರಲಾಗಿತ್ತು. ಅಂದಿನ ಬೆಳಗಿನ ಪತ್ರಿಕೆಗಳನ್ನು ಕೂಡ ಪ್ರಸಾರ ಮುಗಿಯುವವರೆಗೆ ಹಂಚದೆ ತಡೆಹಿಡಿಯಲಾಯಿತು. ರೇಡಿಯೊ ಇದ್ದ ಮನೆ, ಶಾಲೆ, ಕಾರ್ಖಾನೆಗಳ ಮುಂದೆ ಜನ ನೆರೆದರು. ಸಮ್ರಾಟನು ಪ್ರಜೆಗಳನ್ನು ನೇರವಾಗಿ ಉದ್ದೇಶಿಸಿ ಬಾನುಲಿಯಲ್ಲಿ ಮಾತನಾಡಿದುದು ಅದೇ ಮೊದಲು. ಆದ್ದರಿಂದಲೇ ಆ ಪ್ರಸಾರಕ್ಕೆ ‘ರತ್ನಧ್ವನಿ’ ಎಂಬರ್ಥದ ಹೆಸರು ನಿಂತಿತು. ನೆನಪುಗಳಲ್ಲಿ ಮತ್ತೆಮತ್ತೆ ಬರುವ ವಿವರಗಳು ಸುಡುಬಿಸಿಲು, ರೇಡಿಯೊದ ಗೊರಗೊರ ಸದ್ದು, ಏರಿಳಿಯುವ ತೆಳು ದನಿ, ಅರ್ಥವಾಗದೆ ಅಕ್ಕಪಕ್ಕದವರ ಮುಖ ನೋಡುವುದು, ಹಿರಿಯರೊಬ್ಬರು ಅತ್ತಾಗ ಉಳಿದವರಿಗೂ ಸುದ್ದಿ ತಿಳಿಯುವುದು. ಇನ್ನಷ್ಟು ಹೋರಾಡಿ ಎಂದು ಸಮ್ರಾಟ ಅಪ್ಪಣೆ ಕೊಟ್ಟಿದ್ದಾನೆಂದು ತಿಳಿದವರೂ ಇದ್ದರು. ಗಮಕದಲ್ಲಿ ವಾಚನಕಾರನ ಪಕ್ಕದಲ್ಲಿ ವ್ಯಾಖ್ಯಾನಕಾರನಿರುವಂತೆ ಇಲ್ಲಿ ಉದ್ಘೋಷಕ ವದಾ ನೊಬುಕತ ಇದ್ದನು. ಅವನು ರಾಜಾಜ್ಞೆಯನ್ನು ಮತ್ತೊಮ್ಮೆ ಸ್ಪಷ್ಟವಾಗಿ ಓದಿ, ಅದರ ಹಿನ್ನೆಲೆಯ ವಾರ್ತೆಗಳನ್ನೂ ಓದಿದನು. ಅನೇಕರಿಗೆ ಯುದ್ಧ ಮುಗಿದುದು ತಿಳಿದುದು ಈ ಎರಡನೆಯ ಓದಿನಿಂದ. ಆದರೂ ನೆನಪಿನಲ್ಲಿ ಉಳಿದುದು ಮೊದಲನೆಯ ದನಿಯೇ.

ಕಾದಂಬರಿಕಾರ ಓಎ ಕೆಂಜಾಬುರೊ ಆಗ ಶಿಕೋಕು ದ್ವೀಪದ ಹಳ್ಳಿಯೊಂದರ ಹತ್ತು ವರ್ಷದ ಹುಡುಗ. ದೊಡ್ಡವರು ರೇಡಿಯೊದ ಸುತ್ತ ಅಳುತ್ತಿದ್ದಾಗ ಹೊರಗೆ ಬೀದಿಯಲ್ಲಿದ್ದ ಮಕ್ಕಳನ್ನು ಕಾಡಿದುದು ಸೋಲಲ್ಲ, ಸಮ್ರಾಟನಿಗೆ ಮನುಷ್ಯರ ದನಿಯಿದೆ ಎಂಬ ನಿರಾಸೆ ಎಂದು ಅವರು ಬರೆದಿದ್ದಾರೆ. ಆ ಗುಂಪಿನ ಹುಡುಗನೊಬ್ಬ ಆ ದನಿಯನ್ನು ಅಣಕಿಸಬಲ್ಲವನಾಗಿದ್ದ, ಉಳಿದವರು ನಕ್ಕರು, ನಕ್ಕ ಮರುಕ್ಷಣವೇ ಹೆದರಿದರು. 1946ರ ಜನವರಿಯ ಹೇಳಿಕೆಯಲ್ಲಿ ಸಮ್ರಾಟನು ತನ್ನ ದೈವತ್ವವನ್ನು ಅಲ್ಲಗಳೆಯುವ ಮೊದಲೇ ಮಕ್ಕಳು ಆ ಕೆಲಸವನ್ನು ಮುಗಿಸಿದ್ದರು.

ದನಿಯ ಅಧಿಕಾರಕ್ಕೆ ಮಿತಿಯೂ ಇತ್ತು. ಹೊರನಾಡುಗಳಲ್ಲಿದ್ದ ಸೇನೆಗಳು ಬಾನುಲಿಯ ಮಾತನ್ನು ನಂಬಲಾರವೆಂಬ ಅಳುಕಿನಿಂದ ರಾಜಮನೆತನದ ಕುಮಾರರನ್ನೇ ಮಂಚೂರಿಯಾ, ಚೀನಾ ಹಾಗೂ ಆಗ್ನೇಯ ಏಷ್ಯಾಗಳಿಗೆ ವಿಮಾನದಲ್ಲಿ ಕಳುಹಿಸಲಾಯಿತು. ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ ಉಳಿದಿದ್ದ ಓನೊದಾ ಹಿರೊ ಎಂಬ ಅಧಿಕಾರಿ ಕರಪತ್ರಗಳನ್ನೂ ಧ್ವನಿವರ್ಧಕದ ಕರೆಗಳನ್ನೂ ಶತ್ರುವಿನ ಕುತಂತ್ರವೆಂದೇ ಬಗೆದನು. 1974ರಲ್ಲಿ ಅವನ ಹಳೆಯ ಮೇಲಧಿಕಾರಿಯೇ ಕಾಡಿಗೆ ಹೋಗಿ ಎದುರು ನಿಂತು ಆಜ್ಞೆಯನ್ನು ಓದಿ ಹೇಳಿದ ಮೇಲಷ್ಟೇ ಬಂದೂಕು ಕೆಳಗಿಟ್ಟನು.

ಈ ದನಿ ಜನಸ್ಮೃತಿಯಲ್ಲಿ ಬೇರೂರಲು ರಾಜಭಕ್ತಿಯೊಂದೇ ಕಾರಣವಲ್ಲ. ಆಗಸ್ಟ್ 15 ಜಪಾನಿನ ಬಹುಭಾಗದಲ್ಲಿ ‘ಬೋನ್’ ಹಬ್ಬದ ನಡುವೆ ಬರುತ್ತದೆ. ಕನ್ನಡ ನಾಡಿನ ಪಿತೃಪಕ್ಷದಂತೆ ಅದು ಸತ್ತ ಹಿರಿಯರು ಮನೆಗೆ ಬಂದು ಎಡೆ ಸ್ವೀಕರಿಸಿ ಮರಳುವ ಕಾಲ. ಆ ಯುದ್ಧದಲ್ಲಿ ಸತ್ತ ಜಪಾನೀಯರು ಸುಮಾರು 31 ಲಕ್ಷ. ಅವರಲ್ಲಿ ಮದುವೆಯಾಗದ, ಮಕ್ಕಳಿಲ್ಲದ ಯುವಕರ ಸಂಖ್ಯೆ ದೊಡ್ಡದು. ಸಂತಾನವಿಲ್ಲದ ಈ ಸತ್ತವರಿಗೆ ಎಡೆಯಿಡುವವರು ಯಾರು? ಜಪಾನಿನ ಜಾನಪದ ಅಧ್ಯಯನದ ಸ್ಥಾಪಕನಾದ ಯನಗಿತ ಕುನಿಯೊ 1945ರ ವಸಂತದಲ್ಲಿ, ಟೋಕಿಯೊ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಪಿತೃಗಳ ಕುರಿತು ಗ್ರಂಥವೊಂದನ್ನು ಬರೆಯುತ್ತಿದ್ದನು. ಅದು ಮರುವರ್ಷ ಪ್ರಕಟವಾಯಿತು. ಯುದ್ಧದಲ್ಲಿ ಮಡಿದ ಯುವಕರನ್ನು ಹೊಸ ಮನೆತನಗಳ ಮೂಲಪುರುಷರೆಂದು ಎಣಿಸಿ, ಬಂಧುಗಳಲ್ಲೊಬ್ಬರು ಅವರ ಹೆಸರಿನಲ್ಲಿ ಮನೆತನವನ್ನು ಮುಂದುವರಿಸಬಹುದೆಂಬ ಸೂಚನೆ ಅದರಲ್ಲಿದೆ. ರಾಜಾಜ್ಞೆಯ ಭಾಷೆ ತಿಳಿಯದವರಿಗೂ ಬೋನ್ ಹಬ್ಬದ ಭಾಷೆ ತಿಳಿಯುತ್ತಿತ್ತು. ಭಾಷಣದ ದಿನ ಶ್ರಾದ್ಧದ ದಿನವೂ ಆಗಿ ಉಳಿದುದು ಇಲ್ಲಿಂದ.

ಈ ಬೆಸುಗೆ ತಾನಾಗಿಯೇ ಆಯಿತೆನ್ನುವುದು ಪೂರ್ಣಸತ್ಯವಲ್ಲ. ಮಾಧ್ಯಮ ಚರಿತ್ರೆಯ ವಿದ್ವಾಂಸ ಸಾತೊ ತಕುಮಿ 2005ರ ತಮ್ಮ ಕೃತಿಯಲ್ಲಿ, ಅಂದು ಪ್ರಸಾರ ಕೇಳಿ ತಲೆಬಾಗಿದ ಜನರದೆಂದು ಪ್ರಸಿದ್ಧವಾದ ಚಿತ್ರಗಳಲ್ಲಿ ಕೆಲವು ಛಾಯಾಗ್ರಾಹಕರಿಗಾಗಿ ಏರ್ಪಡಿಸಿದವು ಎಂದು ತೋರಿಸಿದ್ದಾರೆ. 1963ರಿಂದ ಸರಕಾರವು ಯುದ್ಧಮೃತರ ಸ್ಮರಣೆಯನ್ನು ಪ್ರತಿವರ್ಷ ಆಗಸ್ಟ್ 15ರಂದು ನಡೆಸುತ್ತ ಬಂದಿದೆ. 1982ರಲ್ಲಿ ಸಂಪುಟದ ನಿರ್ಣಯದಿಂದ ಅದಕ್ಕೆ ಅಧಿಕೃತ ಹೆಸರೂ ದೊರೆಯಿತು. ಜನರ ಶೋಕ ಮತ್ತು ಪ್ರಭುತ್ವದ ಮರೆವು ಒಂದೇ ಸಮಾರಂಭದಲ್ಲಿ ಕುಳಿತಿರುವುದು ಈ ದಿನದ ಇಕ್ಕಟ್ಟು. ತನ್ನವರಿಗೆ ಎಡೆಯಿಡುವ ಆಚರಣೆಯಲ್ಲಿ ತನ್ನವರ ಕೈಯಿಂದ ಸತ್ತವರಿಗೆ ಜಾಗ ದೊರೆಯುವುದು ಸುಲಭವಲ್ಲ.

ಆ ದನಿ ಬೇರೆಡೆಗಳಲ್ಲಿ ಬೇರೆಯಾಗಿ ಕೇಳಿಸಿತು. ಯುದ್ಧದ ಘೋರ ಕಾಳಗ ನಡೆದ ಒಕಿನಾವಾ ಇಂದಿಗೂ ಜೂನ್ 23ರಂದು ತನ್ನ ಸತ್ತವರನ್ನು ನೆನೆಯುತ್ತದೆ. 1910ರಿಂದ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದಲ್ಲಿ ಅದೇ ಆಗಸ್ಟ್ 15 ಬಿಡುಗಡೆಯ ದಿನ, ಉತ್ತರ ದಕ್ಷಿಣಗಳೆರಡೂ ಅದನ್ನು ಆಚರಿಸುತ್ತವೆ. ಅಲ್ಲಿಯೂ ಪ್ರಸಾರದ ಅರ್ಥ ತಕ್ಷಣ ಹರಡಲಿಲ್ಲ. ಸೋಲ್ ನಗರದ ಬೀದಿಗಳು ತುಂಬಿದುದು ಮರುದಿನ, ಸೆರೆಮನೆಯಿಂದ ರಾಜಕೀಯ ಕೈದಿಗಳು ಹೊರಬಂದಾಗ. ಭಾರತದ ಸ್ವಾತಂತ್ರ್ಯಕ್ಕೆ 1947ರ ಆಗಸ್ಟ್ 15ನ್ನು ಆರಿಸಿದ್ದಕ್ಕೆ ಜಪಾನ್ ಶರಣಾದ ಎರಡನೆಯ ವರ್ಷ ತುಂಬುವ ದಿನವೆಂಬುದೇ ಕಾರಣವೆಂದು ಮೌಂಟ್‌ಬ್ಯಾಟನ್ ಅನಂತರ ಹೇಳಿದ್ದುಂಟು. 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನೀ ಸೇನೆಯ ಶರಣಾಗತಿಯನ್ನು ಸ್ವೀಕರಿಸಿದವನು ಅವನೇ.

2015ರ ಆಗಸ್ಟ್ 1ರಂದು ಜಪಾನಿನ ಅರಮನೆಯ ಇಲಾಖೆ ಮೂಲ ತಟ್ಟೆಗಳ ಧ್ವನಿಯನ್ನು ಹೊಸ ತಂತ್ರದಿಂದ ಶುದ್ಧಗೊಳಿಸಿ ಬಿಡುಗಡೆ ಮಾಡಿತು. ಈಗ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅಂದು ಕೇಳಿದವರ ನೆನಪುಗಳಲ್ಲಿರುವ ಗೊರಗೊರ ಸದ್ದು ಮಾತ್ರ ಅದರಲ್ಲಿಲ್ಲ. ಅದು ಊರೂರಿನ ರೇಡಿಯೊಗಳದಾಗಿತ್ತು.